ದಪ್ಪಗಿರೋರನ್ನ ಮೊದಲು

ಯಂತ್ರ ಎಂಬ ಪದ ಕನ್ನಡದಲ್ಲಿ ನಪುಂಸಕಲಿಂಗ. ಶಾಲೆಯ ಮೆಟ್ಟಿಲು ಹತ್ತಿದವರಿಗೆಲ್ಲ ಇದು ಗೊತ್ತು. ಚಡಪಡರಾಯರಿಗೂ ಗೊತ್ತಿತ್ತು. ಗೊತ್ತಿದ್ದೂ ಅವರು ತಮ್ಮ ಸುಪರ್ದಿಯಲ್ಲಿದ್ದ ಯಂತ್ರಗಳನ್ನು ‘ಅವನು’, ‘ಇವಳು’, ‘ಆ ಮಹಾನುಭಾವ’ ಎಂದೇ ಕರೆಯುತ್ತಿದ್ದರು. ವ್ಯಾಕರಣದ ಇಷ್ಟು ಸಣ್ಣ ತಪ್ಪಿನಿಂದ ಒಂದು ವಿಮಾ ಕಚೇರಿಯ ಜನ ನಿದ್ದೆಗೆಟ್ಟರು, ಒಬ್ಬ ಖಜಾಂಚಿ ಊಟ ಬಿಟ್ಟರು, ಒಬ್ಬ ಅತ್ತೆ ಹಾಸಿಗೆ ಸುತ್ತಿಕೊಂಡು ಮಗಳ ಮನೆಗೆ ಬಂದಿಳಿದರು. ವ್ಯಾಕರಣ ಎಂದರೆ ಮೂಗು ಮುರಿಯುವವರು ಮುಂದಿನದನ್ನು ಗಮನವಿಟ್ಟು ಓದಬೇಕು.

ಚಡಪಡರಾಯರು ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ, ಕಚೇರಿಯವರ ಕೊಡುಗೆ. ಅವರು ಕುರ್ಚಿಯಲ್ಲಿ ಕೂತರೂ ಒಂದು ಕಾಲು ಬಾಗಿಲ ಕಡೆಗೇ ಇರುತ್ತಿತ್ತು. ಕಾಫಿಯನ್ನು ನಡೆಯುತ್ತ ಕುಡಿಯುತ್ತಿದ್ದರು, ಕನ್ನಡಕವನ್ನು ಓಡುತ್ತ ಒರೆಸುತ್ತಿದ್ದರು. ಅವರೊಡನೆ ಮಾತಾಡಬೇಕಾದವರು ಪಕ್ಕದಲ್ಲಿ ಹೆಜ್ಜೆ ಹಾಕುತ್ತಲೇ ವಿಷಯ ಮುಗಿಸಬೇಕಿತ್ತು.

ಅವರ ಕೆಲಸವೂ ಸ್ವಭಾವಕ್ಕೆ ತಕ್ಕಂತೆಯೇ ಇತ್ತು. ಆ ಕಚೇರಿಯಲ್ಲಿ ಯಾರ ಮೇಜಿನ ಮೇಲೂ ನಿಜವಾದ ಕಂಪ್ಯೂಟರ್ ಇರಲಿಲ್ಲ. ಒಂದು ಪರದೆ, ಒಂದು ಕೀಬೋರ್ಡು, ಅಂಗೈಯಗಲದ ಒಂದು ಡಬ್ಬಿ, ಅಷ್ಟೇ. ಪರದೆಯಲ್ಲಿ ಕಾಣುವ ಕಂಪ್ಯೂಟರ್ ನಾಲ್ಕನೇ ಮಹಡಿಯ ಸರ್ವರ್ ಕೋಣೆಯೊಳಗೆ ನೆರಳಿನ ಹಾಗೆ ವಾಸವಾಗಿತ್ತು. ಇಂಥವನ್ನು ವರ್ಚುವಲ್ ಡೆಸ್ಕ್‌ಟಾಪ್ ಎನ್ನುತ್ತಾರೆ. ಇನ್ನೂರು ಚಿಲ್ಲರೆ ಜನಕ್ಕೆ ಇನ್ನೂರು ಚಿಲ್ಲರೆ ನೆರಳು ಯಂತ್ರಗಳು, ಎಲ್ಲವೂ ಒಂದೇ ಮೂಲಪ್ರತಿಯೆಂಬ ತಾಯಿಯ ಮಕ್ಕಳು, ಎಲ್ಲಕ್ಕೂ ಸೇರಿ ಮಾಹಿತಿ ತುಂಬಿಡಲು ಒಂದೇ ಉಗ್ರಾಣ. ಹುಟ್ಟುವಾಗ ತೆಳ್ಳಗಿರುತ್ತವೆ. ದಿನ ಕಳೆದಂತೆ ಬೇಕಾದ್ದು ಬೇಡದ್ದು ನುಂಗಿ ಊದಿಕೊಳ್ಳುತ್ತವೆ. ಊದಿದವನ್ನು ಅಳಿಸಿ, ಅದೇ ಹೆಸರಿನಲ್ಲಿ ತೆಳ್ಳಗಿನ ಇನ್ನೊಂದನ್ನು ಹುಟ್ಟಿಸಿ, ಯಾರೂ ಬಳಸದವನ್ನು ತೆಗೆದು ಬಿಸಾಡಿ, ಉಗ್ರಾಣ ತುಂಬದ ಹಾಗೆ ನೋಡಿಕೊಳ್ಳುವುದು ಚಡಪಡರಾಯರ ಹೊಣೆ.

ಯಂತ್ರಗಳಿಗೆ ನಂಬರುಗಳಿದ್ದವು. ಆದರೆ ರಾಯರಿಗೆ ನಂಬರು ನೆನಪಿರುತ್ತಿರಲಿಲ್ಲ. ಖಜಾಂಚಿಯ ಯಂತ್ರ ‘ಖಜಾಂಚಿ’, ಟಪಾಲು ವಿಭಾಗದಾಕೆಯ ಯಂತ್ರ ‘ಟಪಾಲಮ್ಮ’. ಹೆಂಡತಿಯ ತಮ್ಮನೂ ಅದೇ ಕಚೇರಿಯಲ್ಲಿ ಪರಿಹಾರ ವಿಭಾಗದಲ್ಲಿದ್ದ. ಅವನ ಯಂತ್ರದ ಹೆಸರು ‘ಬಾಮೈದ’.

ಆ ಸೋಮವಾರ ಸಂಜೆ ರಾಯರು ಮನೆ ತಲುಪಿ ಒಂದು ಕಾಲಿನ ಬೂಟು ಬಿಚ್ಚಿದ್ದರಷ್ಟೇ, ದೊಡ್ಡ ಸಾಹೇಬರ ಫೋನು ಬಂತು. ಉಗ್ರಾಣ ತುಂಬುತ್ತ ಬಂದಿದೆ ಎಂದು ಅವರಿಗೆ ಯಾರೋ ಚಾಡಿ ಹೇಳಿದ್ದರು. ರಾಯರು ಒಂಟಿ ಬೂಟಿನಲ್ಲೇ ಬಾಲ್ಕನಿಗೆ ಹೋಗಿ ಶತಪಥ ಹಾಕತೊಡಗಿದರು. ಸಾಹೇಬರೊಡನೆ ಮಾತಾಡುವಾಗ ಅವರ ದನಿ ಒಂದು ಶ್ರುತಿ ಮೇಲಿರುತ್ತಿತ್ತು. ತಾನು ಯಾರೊಡನೆ ಮಾತಾಡುತ್ತಿದ್ದೇನೆ ಎಂಬುದು ಬೀದಿಗೂ ತಿಳಿಯಲಿ ಎಂಬ ಸಣ್ಣ ಆಸೆ.

“ಶುಕ್ರವಾರದ ಒಳಗೆ ಎಲ್ಲಾ ಕ್ಲೀನ್ ಮಾಡ್ತೀನಿ ಸಾರ್! ಒಂದು ಕಡೆಯಿಂದ ತೆಗೀತಾ ಬರ್ತೀನಿ. ದಪ್ಪಗಿರೋರನ್ನ ಮೊದಲು. ಆಮೇಲೆ ಸುಮ್ನೆ ಕೂತಿರೋರನ್ನ... ಖಜಾಂಚಿನಾ? ಅಯ್ಯೋ, ಎಷ್ಟು ಊದಿಕೊಂಡಿದಾನೆ ಗೊತ್ತಾ ಸಾರ್! ಅವನೊಬ್ಬ ಹೋದ್ರೆ ನಾಲ್ಕು ಜನಕ್ಕೆ ಜಾಗ ಆಗುತ್ತೆ... ಯಾರು, ನನ್ನ ಬಾಮೈದನಾ? ಮುಲಾಜೇ ಇಲ್ಲ. ಇಡೀ ಆಫೀಸಲ್ಲಿ ಅವನಷ್ಟು ತಿನ್ನೋನು ಇನ್ನೊಬ್ಬ ಇಲ್ಲ. ತೆಗೆದು ಬಿಸಾಕಿದ್ರೆ ಅಳೋರು ಯಾರಿದಾರೆ ಸಾರ್? ಎರಡು ನಿಮಿಷದಲ್ಲಿ ಅವನ ಥರದವನೇ ಇನ್ನೊಬ್ಬನ್ನ ಹುಟ್ಟಿಸ್ತೀನಿ!”

ಬಾಲ್ಕನಿಯ ಕೆಳಗೆ ದರ್ಜಿಯ ಅಂಗಡಿ. ಕಚೇರಿಯ ಅರ್ಧ ಜನರ ಪ್ಯಾಂಟು ಹೊಲಿಯುತ್ತಿದ್ದವನು ಅವನೇ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದರಿಂದ ಅವನ ಬಾಯಿ ಮುಚ್ಚಿತ್ತು, ಕಿವಿ ತೆರೆದಿತ್ತು. ಅರ್ಧ ಗಂಟೆಯ ಬಳಿಕ ಖಜಾಂಚಿಗಳು ಹೊಸ ಪ್ಯಾಂಟಿನ ಅಳತೆಗೆಂದು ಬಂದರು. ಅವರು ದೊಡ್ಡ ಹೊಟ್ಟೆಯ, ಅದಕ್ಕಿಂತ ದೊಡ್ಡ ಮನಸ್ಸಿನ ಮನುಷ್ಯ. ದರ್ಜಿ ಟೇಪನ್ನು ಅವರ ಸೊಂಟಕ್ಕೆ ಸುತ್ತಿ, ತುದಿಗೆ ತುದಿ ಮುಟ್ಟದ್ದನ್ನು ನೋಡಿ, ನಿಟ್ಟುಸಿರು ಬಿಟ್ಟ.

“ಹೊಸ ಪ್ಯಾಂಟು ಈಗಲೇ ಬೇಕಾ ಸಾರ್?”

“ಯಾಕಯ್ಯಾ?”

“ಅಲ್ಲ, ಶುಕ್ರವಾರ ಕಳೀಲಿ ಅಂತ.”

ಪಿನ್ನು ಒಂದೊಂದಾಗಿ ಬಾಯಿಂದ ಹೊರಬಂತು, ಅದರ ಹಿಂದೆಯೇ ಸುದ್ದಿಯೂ ಬಂತು. ಖಜಾಂಚಿಗಳು ಅಲ್ಲೇ ಇದ್ದ ಬಟ್ಟೆಯ ರಾಶಿಯ ಮೇಲೆ ಕುಸಿದರು.

ಇಲಿ ಹೋಯಿತೆಂದರೆ ಹುಲಿ ಹೋಯಿತು ಎನ್ನುವ ಲೋಕ ಇದು. ಇಲ್ಲಿ ನೇರವಾಗಿ ಹುಲಿಯೇ ಹೋಗಿತ್ತು. ಮಂಗಳವಾರ ರಾಯರು ಕಚೇರಿಗೆ ಬಂದಾಗ ಕಾವಲುಗಾರ ಎದ್ದು ನಿಂತು ಸಲಾಮು ಹೊಡೆದ. ಲಿಫ್ಟಿನಲ್ಲಿದ್ದ ಐದು ಜನ ‘ನೀವು ಹೋಗಿ ಸಾರ್, ನಾವು ನಡೀತೀವಿ’ ಎಂದು ಇಳಿದರು. ಬದುಕಿನಲ್ಲಿ ಮೊದಲ ಬಾರಿಗೆ ಲಿಫ್ಟಿನಲ್ಲಿ ಒಬ್ಬರೇ ನಿಂತ ರಾಯರು, ಶರಟಿನ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದೇನೆಯೇ ಎಂದು ಕನ್ನಡಿಯಲ್ಲಿ ನಾಲ್ಕು ಬಾರಿ ನೋಡಿಕೊಂಡರು.

ಮೇಜಿನ ಬಳಿ ಖಜಾಂಚಿಗಳು ಕಾದಿದ್ದರು. ನಾಲ್ಕು ಮಹಡಿ ಹತ್ತಿ ಬಂದಿದ್ದರಿಂದ ಮುಖ ಕೆಂಪಗಾಗಿತ್ತು. ಉಸಿರು ಒಳಗೆಳೆದುಕೊಂಡು ನಿಂತಿದ್ದರಿಂದ ಇನ್ನಷ್ಟು ಕೆಂಪಾಗುತ್ತಿತ್ತು.

“ಸಾರ್, ನಾನು ಇಳೀತಾ ಇದೀನಿ,” ಎಂದರು, ಗಾಳಿ ಹೊರಹೋಗದ ಹಾಗೆ.

ರಾಯರ ತಲೆಯಲ್ಲಿ ಉಗ್ರಾಣ ಬಿಟ್ಟು ಬೇರೇನೂ ಇರಲಿಲ್ಲ. “ಎಲ್ಲಿ ಇಳಿದಿದೀರಿ ಖಜಾಂಚಿಗಳೇ? ನಿನ್ನೆಗಿಂತ ಇವತ್ತು ಜಾಸ್ತಿ ಆಗಿದೆ. ಬೆಳಿಗ್ಗೆ ಎದ್ದ ತಕ್ಷಣ ನಿಮ್ಮದೇ ನೋಡ್ದೆ.”

“ಬೆಳಿಗ್ಗೆ... ನನ್ನದು... ನೋಡಿದ್ರಾ?”

“ಮನೇಲಿ ಕೂತೇ ನೋಡ್ತೀನಿ ನಾನು, ಎಲ್ಲರದೂ. ನಿಮ್ಮ ತೊಂದರೆ ಏನು ಗೊತ್ತಾ? ಬೇಕಾದ್ದು ಬೇಡದ್ದು ಎಲ್ಲಾ ಒಳಗೆ ತುಂಬಿಸ್ತೀರಿ, ಹೊರಗೆ ಮಾತ್ರ ಹಾಕಲ್ಲ.”

ಖಜಾಂಚಿಗಳು ತಲೆ ತಗ್ಗಿಸಿದರು. “ಡಾಕ್ಟರೂ ಅದನ್ನೇ ಅಂದ್ರು,” ಎಂದರು ಮೆಲ್ಲಗೆ.

“ಡಾಕ್ಟರಿಗೇನು ಗೊತ್ತು ಇದೆಲ್ಲ?” ಎಂದು ರಾಯರು ಆಗಲೇ ಸರ್ವರ್ ಕೋಣೆಯ ಕಡೆ ಓಡಿದ್ದರು.

ದಪ್ಪಗಿರುವವರ ಪಾಡು ಇದಾದರೆ, ‘ಸುಮ್ಮನೆ ಕೂತಿರೋರ’ ಪಾಡು ಬೇರೆ. ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಳ್ಳುವವರು ಆ ಕಚೇರಿಯಲ್ಲಿ ಒಬ್ಬಿಬ್ಬರಲ್ಲ. ಯಾರು ಎಷ್ಟು ಕೆಲಸ ಮಾಡುತ್ತಾರೆ ಎಂಬುದನ್ನು ಚಡಪಡರಾಯರು ಮನೆಯಲ್ಲಿ ಕೂತೇ ನೋಡುತ್ತಾರಂತೆ ಎಂಬ ಮಾತು ಖಜಾಂಚಿಗಳಿಂದ ಹೊರಟು, ಊಟದ ಹೊತ್ತಿಗೆ ಎಲ್ಲ ಮಹಡಿಗಳನ್ನೂ ಸುತ್ತಿ ಬಂತು. ಊಟದಿಂದ ಎದ್ದವರೆಲ್ಲ ಕೆಲಸಕ್ಕೆ ಬಿದ್ದರು. ಅದುವರೆಗೆ ಮುಟ್ಟದ ಕಡತಗಳನ್ನು ಕಂಪ್ಯೂಟರಿಗೆ ಏರಿಸಿದರು. ಒಂದು ವರದಿಯನ್ನು ಹತ್ತು ಹೆಸರಿನಲ್ಲಿ ನಕಲು ಮಾಡಿದರು, ನಕಲಿಗೊಂದು ನಕಲು ತೆಗೆದಿಟ್ಟರು. ಟಪಾಲು ವಿಭಾಗದಾಕೆ ಕಪಾಟುಗಳಲ್ಲಿದ್ದ ಹಳೆಯ ಲಕೋಟೆಗಳನ್ನೆಲ್ಲ, ಒಳಗೆ ಕಾಗದವಿಲ್ಲದಿದ್ದರೂ, ಎರಡೂ ಮಗ್ಗುಲು ಸ್ಕ್ಯಾನ್ ಮಾಡಿದಳು. ಚಹಾಕ್ಕೆ ಎದ್ದು ಹೋಗುವವರು ಕೀಬೋರ್ಡಿನ ಮೇಲೆ ಪೇಪರ್‌ವೇಟ್ ಇಟ್ಟು ಹೋದರು, ಯಂತ್ರ ಸುಮ್ಮನಿದೆ ಅನ್ನಿಸಬಾರದಲ್ಲ!

ಇತ್ತ ಸರ್ವರ್ ಕೋಣೆಯಲ್ಲಿ ರಾಯರು ಪರದೆಯ ಮೇಲಿನ ಗೆರೆ ನೋಡಿ ಕಣ್ಣುಜ್ಜಿಕೊಂಡರು. ನೂರಕ್ಕೆ ಎಂಬತ್ತೆಂಟರಷ್ಟು ತುಂಬಿದ್ದ ಉಗ್ರಾಣ ಸಂಜೆಗೆ ತೊಂಬತ್ತೆರಡಾಗಿತ್ತು. ಯಾರೂ ಬಳಸದ ಯಂತ್ರ ತೆಗೆಯೋಣವೆಂದರೆ ಅಂಥದ್ದು ಒಂದೂ ಉಳಿದಿರಲಿಲ್ಲ. ಆರು ತಿಂಗಳಿಂದ ರಜೆಯಲ್ಲಿದ್ದವರೊಬ್ಬರು ಕೂಡ ಮನೆಯಿಂದಲೇ ಲಾಗಿನ್ ಆಗಿ ಒಂದೇ ಅಕ್ಷರವನ್ನು ಬಿಟ್ಟೂಬಿಡದೆ ಒತ್ತುತ್ತಿದ್ದರು.

ಮನೆಗೆ ಬಂದರೆ ಅಲ್ಲಿನ ಗಾಳಿಯೇ ಬೇರೆ. ಹೆಂಡತಿ ಬಾಗಿಲು ತೆಗೆದು, ಮುಖ ತಿರುಗಿಸಿ, ಒಳಗೆ ಹೋದಳು. ನಡುಮನೆಯಲ್ಲಿ ಅತ್ತೆ ಕೂತಿದ್ದರು, ಪಕ್ಕದಲ್ಲಿ ಸುತ್ತಿದ ಹಾಸಿಗೆ. ವಾಸ್ತವ್ಯ ದೀರ್ಘ ಎಂಬುದನ್ನು ಹಾಸಿಗೆಯೇ ಹೇಳುತ್ತಿತ್ತು. ಅಳಿಯನನ್ನು ಕಂಡರೆ ‘ಒಂದು ಕಡೆ ಕೂತ್ಕೋಬಾರದಾ, ನನಗೆ ತಲೆ ಸುತ್ತುತ್ತೆ’ ಎಂದು ಗದರುತ್ತಿದ್ದ ಅತ್ತೆ ಈಗ ಎದ್ದು ನಿಂತು ಒಳ್ಳೆಯ ಕುರ್ಚಿಯನ್ನು ಸೆರಗಿನಿಂದ ಒರೆಸಿದರು.

“ಕೂತ್ಕೊಳ್ಳಿ ಅಳಿಯಂದಿರೇ. ದಣಿದು ಬಂದಿದೀರಿ. ಎಷ್ಟು ಜನದ್ದು ನೋಡ್ಬೇಕು ಪಾಪ ನೀವು ಒಬ್ರೇ.”

ರಾಯರು ಗಾಬರಿಯಿಂದ ಕುರ್ಚಿಯ ತುದಿಯಲ್ಲಿ ಕೂತರು.

“ನನ್ನ ಮಗ ತಿಂತಾನೆ ಅಂದ್ರಂತೆ?” ಅತ್ತೆ ಅದೇ ಸೆರಗಿನಿಂದ ಕಣ್ಣೊರೆಸಿಕೊಂಡರು. “ಒಂದು ಕಾಸು ಮುಟ್ಟೋನಲ್ಲ ಅವನು. ಮಧ್ಯಾಹ್ನ ಊಟಾನೂ ಬಿಟ್ಟು ಕಡತದ ಕೋಣೇಲಿ ಬಾಗಿಲು ಹಾಕ್ಕೊಂಡು ದುಡೀತಾನೆ. ನೋಡಿ ಅವನ ಮೈ, ಊದುಬತ್ತಿ ಕಡ್ಡಿ. ತಿಂದಿದ್ರೆ ಎಲ್ಲಾದ್ರೂ ಕಾಣಬೇಡ್ವಾ?”

“ಹೊರಗಡೆ ಕಾಣಲ್ಲ ಅತ್ತೆ,” ಎಂದರು ರಾಯರು ತಜ್ಞರ ಗಾಂಭೀರ್ಯದಿಂದ. ಯಂತ್ರದ ವಿಷಯ ಅತ್ತೆಯವರೆಗೂ ಬಂದಿದೆಯಲ್ಲ ಎಂದು ಅವರಿಗೆ ಒಳಗೊಳಗೇ ಹೆಮ್ಮೆ. “ಒಳಗೆ ಹೊಕ್ಕು ನೋಡಿದ್ರೆ ಗೊತ್ತಾಗುತ್ತೆ. ವರ್ಷಗಟ್ಟಲೆಯಿಂದ ತಿಂದಿದಾನೆ. ಏನು ತಿಂದಿದಾನೆ ಅಂತ ನಾನಿನ್ನೂ ತೆಗೆದು ನೋಡಿಲ್ಲ.”

ಅಡುಗೆಮನೆಯಿಂದ ಪಾತ್ರೆ ಬಿದ್ದ ಸದ್ದು. ಹೆಂಡತಿ ಸೌಟು ಹಿಡಿದೇ ಹೊರಬಂದಳು. “ಒಡಹುಟ್ಟಿದ ತಮ್ಮ ರೀ ಅವನು! ನಿಮಗೆ ಕರುಳಿಲ್ವಾ?”

“ಆಫೀಸ್ ಅಂದ್ಮೇಲೆ ತಮ್ಮ ಅಣ್ಣ ನೋಡೋಕಾಗುತ್ತಾ? ನೀತಿ ಅಂದ್ರೆ ಎಲ್ಲರಿಗೂ ಒಂದೇ.”

“ಅವನು ಹೋದ್ರೆ?”

“ಹೋದ್ರೆ ಎರಡು ನಿಮಿಷದಲ್ಲಿ ಹೊಸಬ ಬರ್ತಾನೆ. ಇವನಿಗಿಂತ ಚುರುಕಾಗಿ ಕೆಲಸ ಮಾಡ್ತಾನೆ. ನಿನ್ನ ತಮ್ಮನೇ ಖುಷಿ ಪಡ್ತಾನೆ ನೋಡು!”

ಅಂದು ರಾಯರಿಗೆ ಬಡಿಸಿದ ಊಟದಲ್ಲಿ ಉಪ್ಪಿರಲಿಲ್ಲ. 

ಬುಧವಾರ ಬೆಳಿಗ್ಗೆ ಉಗ್ರಾಣ ತೊಂಬತ್ತೈದು. ರಾಯರು ಉಗುರು ಕಚ್ಚಿದರು, ಪೆನ್ನು ಕಚ್ಚಿದರು, ಕೊನೆಗೆ ಎಲ್ಲರಿಗೂ ಒಂದು ಸೂಚನೆ ಕಳಿಸಲು ನಿರ್ಧರಿಸಿದರು. ಹೇಳದೆ ಕೇಳದೆ ಯಾರ ಯಂತ್ರವನ್ನೂ ಅಳಿಸಬಾರದು ಎಂಬುದು ಕಚೇರಿಯ ನಿಯಮವೂ ಆಗಿತ್ತು. ನಿಂತುಕೊಂಡೇ ಟೈಪು ಮಾಡಿದರು: ‘ಕೆಲಸಕ್ಕೆ ಬಾರದವು, ಅತಿಯಾಗಿ ಊದಿಕೊಂಡವು, ಇವನ್ನೆಲ್ಲ ಶುಕ್ರವಾರ ತೆಗೆದುಹಾಕಲಾಗುವುದು. ಉಳಿಸಿಕೊಳ್ಳಬೇಕಾದ್ದು ಇದ್ದರೆ ಮುಂಚಿತವಾಗಿ ಬಂದು ಹೇಳಿ.’ ಹೀಗೆ ಬರೆಯಬೇಕೆಂದುಕೊಂಡಿದ್ದರು. ಆದರೆ ಬೆರಳುಗಳಿಗೆ ಹಳೆಯ ಚಾಳಿ. ‘ಬಾರದವು’ ಹೋಗಿ ‘ಬಾರದವರು’ ಆಯಿತು, ‘ಊದಿಕೊಂಡವು’ ಹೋಗಿ ‘ಊದಿಕೊಂಡವರು’ ಆಯಿತು, ‘ಇವನ್ನೆಲ್ಲ’ ಹೋಗಿ ‘ಇವರನ್ನೆಲ್ಲ’ ಆಯಿತು. ಕೆಳಗೆ ‘ಅಪ್ಪಣೆಯ ಮೇರೆಗೆ’ ಎಂಬ ಮಾತನ್ನು ಶೋಭೆಗೆಂದು ಸೇರಿಸಿದರು.

ಒಂದೇ ಒಂದು ರಕಾರ. ಅದರ ಏಟಿಗೆ ಕಚೇರಿ ಅಲ್ಲಾಡಿಹೋಯಿತು.

ರಾಯರ ಮೇಜಿನ ಮುಂದೆ ಸಾಲು ನಿಂತಿತು. ಯಾರಿಗೋ ಮುದಿ ತಾಯಿ, ಯಾರಿಗೋ ಅರ್ಧ ಕಟ್ಟಿದ ಮನೆ, ಇನ್ನು ಯಾರಿಗೋ ಮುಂದಿನ ತಿಂಗಳು ಮದುವೆ. “ಇದನ್ನೆಲ್ಲ ನನಗ್ಯಾಕ್ರೀ ಹೇಳ್ತೀರಾ?” ಎಂದು ರಾಯರು ಕೇಳಿದರೆ, “ಇನ್ಯಾರಿಗೆ ಹೇಳೋಣ ಸಾರ್?” ಎಂದು ಕಣ್ಣೊರೆಸಿಕೊಂಡರು. ಟಪಾಲಿನಾಕೆ ಲಕೋಟೆಗಳ ಕಟ್ಟು ತೋರಿಸಿ, “ಇವನ್ನೆಲ್ಲ ನಾನೊಬ್ಳೇ ಹಾಕಿದ್ದು ಸಾರ್, ದಯವಿಟ್ಟು ಗಮನಿಸಿ,” ಎಂದಳು. “ಒಳಗೆ ಹಾಕಿದ್ದು ನೀವೇನಾ?” ಎಂದು ರಾಯರು ಚೀರಿದರು. ಅದನ್ನು ಮೆಚ್ಚುಗೆ ಎಂದು ತಿಳಿದ ಆಕೆ, ಹೋಗಿ ಇನ್ನೊಂದು ಕಪಾಟಿನ ಬೀಗ ತೆಗೆದಳು.

ಖಜಾಂಚಿಗಳು ಊಟ ಬಿಟ್ಟು ಎರಡನೇ ದಿನ. ದರ್ಜಿಯಿಂದ ಸೊಂಟ ಬಿಗಿ ಮಾಡಿಸಿಕೊಂಡ ಪ್ಯಾಂಟಿನಲ್ಲಿ ಅವರಿಗೆ ಕೂರಲು ಬರುತ್ತಿರಲಿಲ್ಲ. ನಿಂತೇ ಲೆಕ್ಕ ಬರೆದರು.

ಬಾಮೈದ ಮಾತ್ರ ಸಾಲಿನಲ್ಲಿ ನಿಲ್ಲಲಿಲ್ಲ. ದೂರದ ಕಂಬದ ಮರೆಯಿಂದ ಭಾವನನ್ನು ನೋಡುವುದು, ಭಾವ ಇತ್ತ ತಿರುಗಿದರೆ ಮಾಯವಾಗುವುದು, ಹೀಗೇ ದಿನ ಕಳೆದ.

ಗುರುವಾರ ಮಧ್ಯಾಹ್ನ ಟಪಾಲಿನಾಕೆ ಹೊಸ ಕಪಾಟಿನ ಕೊನೆಯ ಲಕೋಟೆಯ ಎರಡನೇ ಮಗ್ಗುಲನ್ನು ಸ್ಕ್ಯಾನ್ ಮಾಡಿದಳು. ಉಗ್ರಾಣ ಬಾಯಿಮಟ್ಟ ತುಂಬಿತು. ಇನ್ನೂರು ಚಿಲ್ಲರೆ ಪರದೆಗಳು ಒಂದೇ ಏಟಿಗೆ ಕಲ್ಲಾದವು. ಪರಿಹಾರ ಕೇಳಿ ಬಂದವರು ಕಿಟಕಿಯ ಆಚೆ ನಿಂತಿದ್ದಂತೆಯೇ ಕಚೇರಿ ನಿಂತುಹೋಯಿತು. ಎಲ್ಲರಿಗೂ ಒಂದೇ ಯೋಚನೆ: ಶುರುವಾಯಿತು!

ಸಾಹೇಬರು ಮೆಟ್ಟಿಲು ಹಾರಿಕೊಂಡು ನಾಲ್ಕನೇ ಮಹಡಿಗೆ ಬಂದರು. ಹಿಂದೆ ಇಡೀ ಕಚೇರಿ ಬಂತು.

“ಏನ್ರೀ ಇದು? ಜಾಗ ಖಾಲಿ ಮಾಡಿ ಅಂದ್ರೆ ತುಂಬಿಸಿ ಕೂತಿದೀರಲ್ಲ! ನಾಳೆ ಸಂಜೆ ಅಂದಿದ್ದೆ. ಈಗ ಹೇಳ್ತೀನಿ, ಇವತ್ತೇ ಸರಿ ಹೋಗದಿದ್ರೆ ನಿಮ್ಮ ಕುರ್ಚಿ ಖಾಲಿ ಆಗುತ್ತೆ!”

ರಾಯರು ನಿಂತಲ್ಲೇ ಎರಡು ಸುತ್ತು ತಿರುಗಿದರು. “ಸಾರ್, ನಾನು ತೆಗೀಬೇಕು ಅಂತ ಹೊರಟಾಗಿಂದ ಇವರೆಲ್ಲ—”

ಆಗ ಗುಂಪು ಸೀಳಿಕೊಂಡು ಖಜಾಂಚಿಗಳು ಮುಂದೆ ಬಂದರು. ಹಸಿವಿನಿಂದ ಅವರಿಗೆ ಎಲ್ಲಿಲ್ಲದ ಧೈರ್ಯ ಬಂದಿತ್ತು.

“ಸಾಹೇಬ್ರೇ, ತೆಗೆಯೋದಾದ್ರೆ ತೆಗೆದುಬಿಡಿ. ಇಪ್ಪತ್ತು ವರ್ಷ ಈ ಕಚೇರಿಗೆ ದುಡಿದಿದೀನಿ. ಆದರೆ ದಪ್ಪ ಇದಾನೆ ಅಂತ ಕಾರಣ ಬರೀಬೇಡಿ. ಮನೇಲಿ ಮಕ್ಕಳು ಓದ್ತವೆ.”

“ಯಾರ್ರೀ ನಿಮ್ಮನ್ನ ತೆಗೆಯೋರು?”

ಇಡೀ ಕಚೇರಿ ಒಂದೇ ದಿಕ್ಕಿಗೆ ಬೆರಳು ತೋರಿಸಿತು.

“ನಾನಾ?” ರಾಯರು ಎದೆಗೆ ಕೈ ಇಟ್ಟುಕೊಂಡರು. “ನಿಮ್ಮನ್ನ ನಾನ್ಯಾಕೆ ತೆಗೀಲಿ? ನಾನು ತೆಗೀಬೇಕು ಅಂದಿದ್ದು ಖಜಾಂಚಿಯನ್ನ!”

“ಕೇಳಿದ್ರಾ ಸಾಹೇಬ್ರೇ!”

“ಅಯ್ಯೋ, ಈ ಖಜಾಂಚಿ ಅಲ್ಲ ಸ್ವಾಮಿ! ಒಳಗಿರೋ ಖಜಾಂಚಿ!” ರಾಯರು ಸರ್ವರ್ ಕೋಣೆಯ ಗಾಜನ್ನು ಬಡಿದು ತೋರಿಸಿದರು. “ನಿಮ್ಮ ಮಿಷನ್ನು! ಊದಿಕೊಂಡಿರೋದು ಅದು! ಟಪಾಲಮ್ಮ, ಬಾಮೈದ, ಇವೆಲ್ಲ ಮಿಷನ್ನುಗಳು! ಅಳಿಸಿ ಹೊಸದು ಹುಟ್ಟಿಸ್ತೀನಿ ಅಂದಿದ್ದು ಅವನ್ನ. ಜನರನ್ನ ಹುಟ್ಟಿಸೋಕೆ ನಾನೇನು ಬ್ರಹ್ಮನಾ?”

ಎಲ್ಲರೂ ಗಾಜಿನಾಚೆಗೆ ಕತ್ತು ಚಾಚಿ ನೋಡಿದರು. ಆಮೇಲೆ ‘ಟಪ್’ ಎಂದು ಸದ್ದಾಯಿತು. ಖಜಾಂಚಿಗಳು ಮೊನ್ನೆಯಿಂದ ಹಿಡಿದಿಟ್ಟ ಉಸಿರು ಬಿಟ್ಟಿದ್ದರು, ಪ್ಯಾಂಟಿನ ಗುಂಡಿ ಹಾರಿ ಸಾಹೇಬರ ಬೂಟಿನ ಬಳಿ ಬಿತ್ತು. “ಕ್ಯಾಂಟೀನ್ ತೆರೆದಿದೆಯಾ ಯಾರಾದ್ರೂ ನೋಡ್ರಪ್ಪ,” ಎಂದು ಅವರು ಕ್ಷೀಣ ದನಿಯಲ್ಲಿ ಕೇಳಿದರು.

ಸಾಹೇಬರಿಗೆ ನಗಲು ಪುರುಸೊತ್ತಿರಲಿಲ್ಲ. “ಈಗ ಎಲ್ಲಕ್ಕಿಂತ ದೊಡ್ಡದು ಯಾರದು? ತೋರಿಸಿ ಅದನ್ನ.”

“ಬಾಮೈದ ಸಾರ್.”

“ಎರಡನೇದು?”

ರಾಯರು ಕನ್ನಡಕ ತೆಗೆದು ಒರೆಸತೊಡಗಿದರು. “ಅದು... ನನ್ನದು ಸಾರ್. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅಂತ ನನ್ನ ಮಿಷನ್ನಿನ ಆರು ನಕಲು ತೆಗೆದಿಟ್ಟಿದೀನಿ. ಮುನ್ನೆಚ್ಚರಿಕೆ.”

“ಮೊದಲು ಆ ಮುನ್ನೆಚ್ಚರಿಕೆ ತೆಗೀರಿ!”

ತೆಗೆದರು. ಉಗ್ರಾಣಕ್ಕೆ ಉಸಿರಾಡುವಷ್ಟು ಜಾಗವಾಯಿತು, ಪರದೆಗಳಿಗೆ ಜೀವ ಬಂತು. ಈಗ ಸಾಹೇಬರೇ ಕುರ್ಚಿ ಎಳೆದುಕೊಂಡು ಬಾಮೈದನ ಯಂತ್ರವನ್ನು ತೆರೆಸಿದರು. ಒಳಗೆ ನೂರಾರು ಕಡತಗಳು, ಹೆಸರು ‘ಪರಿಹಾರ ಒಂದು’, ‘ಪರಿಹಾರ ಎರಡು’. ಇಷ್ಟೊಂದು ಪರಿಹಾರ ಕೊಟ್ಟ ನೌಕರನನ್ನು ಸಾಹೇಬರು ಕಂಡೇ ಇರಲಿಲ್ಲ. ಒಂದನ್ನು ಒತ್ತಿದರು.

“ಆಆಆ...” ಎಂದು ಸ್ಪೀಕರಿನಿಂದ ಒಂದು ಆಲಾಪ ಎದ್ದು, ನಡುಗುತ್ತ ಮೇಲೇರಿ, ಮೇಲಿನಿಂದ ಜಾರಿ, ಒಂದು ಕೆಮ್ಮಿನಲ್ಲಿ ಮುಗಿಯಿತು. ಇನ್ನೊಂದನ್ನು ಒತ್ತಿದರು. ಅದೇ ಆಲಾಪ, ಅದೇ ಜಾಗದಲ್ಲಿ ಕೆಮ್ಮು. ಮಧ್ಯಾಹ್ನದ ಊಟ ಬಿಟ್ಟು ಕಡತದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ದುಡಿದ ದುಡಿಮೆಯೆಲ್ಲ ಸಾಲಾಗಿ ಕೂತಿತ್ತು. ಕಂಬದ ಹಿಂದೆ ಬಾಮೈದನ ಊದುಬತ್ತಿ ಆಕಾರ ಮೆಲ್ಲನೆ ಕೆಳಕ್ಕೆ ಜಾರಿತು.

“ಎಲ್ಲಾ ಅಳಿಸಿ,” ಎಂದರು ಸಾಹೇಬರು. “ನನ್ನೆದುರಿಗೇ.”

ಉಳಿದವರಿಗೆ ಕೇಳುವ ಪ್ರಮೇಯವೇ ಬರಲಿಲ್ಲ. ‘ನನ್ನದೆಲ್ಲ ಕಸ ಸಾರ್’, ‘ನನ್ನದೂ ತೆಗೀರಿ’, ‘ಲಕೋಟೆ ಪೂರ್ತಿ ತೆಗೀರಿ’ ಎಂದು ಜನ ಕೂಗತೊಡಗಿದರು. ನೌಕರಿ ಉಳಿದ ಖುಷಿಯಲ್ಲಿ ಕೆಲವರು ಬೇಕಾದ್ದನ್ನೂ ಬಿಟ್ಟುಕೊಟ್ಟರು. ಸಂಜೆಗೆ ಉಗ್ರಾಣ ಅರವತ್ತಕ್ಕೆ ಇಳಿದಿತ್ತು. ಸಾಹೇಬರು ಶಭಾಷ್ ಅನ್ನಲಿಲ್ಲ, ಆದರೆ ಕುರ್ಚಿಯ ಮಾತನ್ನೂ ಮತ್ತೆ ಎತ್ತಲಿಲ್ಲ.

ಅಳಿಸುವ ನಡುವೆ ಸಾಹೇಬರು ಒಮ್ಮೆ ಫೋನಿಗೆಂದು ಆಚೆ ತಿರುಗಿದಾಗ ಬಾಮೈದ ಮೇಜಿನ ಅಡಿಯಿಂದ ತಲೆ ಹೊರಹಾಕಿದ್ದ.

“ಭಾವ, ಬೇರೆಲ್ಲ ಹೋಗ್ಲಿ. ಕೊನೇ ಸಾಲಲ್ಲಿರೋದು ಒಂದೇ ಒಂದು ಉಳಿಸಿ ಭಾವ. ಕೆಮ್ಮು ಬರದೆ ಹಾಡಿದ್ದು ಅದೊಂದೇ.”

ರಾಯರು ಅತ್ತಿತ್ತ ನೋಡಿ ಅದನ್ನು ತಮ್ಮ ಪೆನ್‌ಡ್ರೈವಿಗೆ ಹಾಕಿಕೊಂಡಿದ್ದರು.

ಇಬ್ಬರೂ ಒಟ್ಟಿಗೇ ಮನೆಗೆ ಹೊರಟರು. ದಾರಿಯುದ್ದಕ್ಕೂ ಬಾಮೈದನದು ಒಂದೇ ಗೋಳು: “ಅಮ್ಮಂಗೆ ಹಾಡಿನ ವಿಷಯ ಹೇಳ್ಬೇಡಿ ಭಾವ. ನಾನು ಊಟ ಬಿಟ್ಟು ದುಡೀತೀನಿ ಅಂತ ನೆಂಟರಿಗೆಲ್ಲ ಹೇಳ್ಕೊಂಡಿದಾಳೆ.” ರಾಯರು ಮುಂದೆ ಮುಂದೆ ನಡೆಯುತ್ತಿದ್ದುದರಿಂದ ಅರ್ಧ ಕೇಳಿಸಿತು, ಅರ್ಧ ಬೀದಿಯ ಪಾಲಾಯಿತು.

ಬಾಗಿಲಲ್ಲೇ ಅತ್ತೆ ನಿಂತಿದ್ದರು. ಅವರ ಹಿಂದೆ ಹೆಂಡತಿ, ಹೆಂಡತಿಯ ಹಿಂದೆ ವಿಷಯ ತಿಳಿಯಲು ಬಂದ ದರ್ಜಿ.

“ಏನಾಯ್ತು ಅಳಿಯಂದಿರೇ? ಉಳಿಸಿದ್ರಾ?” ಅತ್ತೆ ರಾಯರ ಕೈ ಹಿಡಿದುಕೊಂಡರು.

ಹಾಡಿನ ವಿಷಯ ಇವರಿಗೂ ಗೊತ್ತಿದೆ ಎಂದುಕೊಂಡ ರಾಯರು ತಲೆ ಅಲ್ಲಾಡಿಸಿದರು. “ಎಲ್ಲಾ ಉಳಿಸೋಕಾಗಲಿಲ್ಲ ಅತ್ತೆ. ಸಾಹೇಬ್ರು ಎದುರಿಗೇ ಕೂತಿದ್ರು. ನೂರಾರು ಹೋಯ್ತು. ಒಂದೇ ಒಂದು ಉಳಿಸ್ದೆ, ಕದ್ದುಮುಚ್ಚಿ.”

“ನನಗಿರೋ ಗಂಡುಮಗೂನೂ ಒಂದೇ ಅಲ್ವೇನಪ್ಪಾ!” ಎಂದು ಅತ್ತೆ ಗೋಳೋ ಎಂದು ಅತ್ತು, ಅಳಿಯನ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡರು. ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, ಅಂಜಿಕೆಯಿಂದ ಕೇಳಿದಳು:

“ರೀ, ನೂರಾರು ಜನ ಹೋದ್ರಾ?”

ರಾಯರು ಬಾಯಿ ತೆರೆದರು. ಅಷ್ಟರಲ್ಲಿ ಬಾಮೈದನ ಬೂಟುಗಾಲು ಅವರ ಕಾಲ್ಬೆರಳಿನ ಮೇಲೆ ಬಿತ್ತು, ಬಿದ್ದು ಅಲ್ಲೇ ನಿಂತಿತು. ರಾಯರಿಗೆ ಎತ್ತಲೂ ಅಲುಗಾಡುವ ಹಾಗಿರಲಿಲ್ಲ. ನೋವಿಗೆ ಕಣ್ಣಲ್ಲಿ ನೀರು ಬಂತು. ಆ ನೀರನ್ನು ನೋಡಿ ಅತ್ತೆ ಇನ್ನೊಮ್ಮೆ ಅತ್ತರು.

“ಹ್ಞೂಂ,” ಎಂದರು ರಾಯರು. “ಪಾಪ, ಒಳ್ಳೆ ಜನ.”